ಓಡಿದ ದೂರವೂ ಉಳಿದ ಆಯುಷ್ಯವೂ

ಹಳೆಯ ಕಾರೊಂದನ್ನು ಕೊಳ್ಳಹೊರಟವರು ಮೊತ್ತಮೊದಲು ಕೇಳುವ ಪ್ರಶ್ನೆ ‘ಎಷ್ಟು ಓಡಿದೆ?’ ಎಂಬುದು. ಎತ್ತಿನ ಹಲ್ಲು ನೋಡಿ ವಯಸ್ಸು ಅಳೆಯುತ್ತಿದ್ದ ನಮ್ಮ ಹಿರಿಯರ ಪದ್ಧತಿಯೇ ಇಂದು ಮೀಟರಿನ ಅಂಕಿ ನೋಡುವ ರೂಪದಲ್ಲಿ ಉಳಿದಿದೆ ಎನ್ನಬಹುದು. ಲಕ್ಷ ಕಿಲೋಮೀಟರು ದಾಟಿತೆಂದರೆ ಕಾರು ಮುದಿಯಾಯಿತು, ಅದೂ ಯುರೋಪಿನ ಕಾರಾದರೆ ಮನೆಯ ಗಂಟು ಕರಗಿತು ಎಂಬ ಮಾತು ನಮ್ಮ ಕಡೆ ರೂಢಿಯಲ್ಲಿದೆ. ಈ ಮಾತಿನಲ್ಲಿ ನಿಜವೆಷ್ಟು, ಭಯವೆಷ್ಟು ಎಂದು ವಿಚಾರಿಸಬೇಕಾದ ಸಂದರ್ಭವೊಂದು ನಮಗೆ ಒದಗಿತು.

ಕೊಲ್ಲಿಯಲ್ಲಿ ಹನ್ನೊಂದು ವರ್ಷ ದುಡಿದು ಊರಿಗೆ ಮರಳಿದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆಂದು ಆಕೆಯನ್ನು ಮಂಗಳೂರಿಗೆ ಕರೆದೊಯ್ಯಬೇಕು. ಅವನ ಕಣ್ಣು ಎರಡು ಜರ್ಮನ್ ಡೀಸೆಲ್ ಕಾರುಗಳ ಮೇಲಿತ್ತು. ಎರಡಕ್ಕೂ ಹದಿಮೂರು ವರ್ಷ. ಒಂದು ಕೇವಲ 58,000 ಕಿ.ಮೀ. ಓಡಿದ್ದು, ಮೈಯೆಲ್ಲ ಮಿರುಗುತ್ತಿತ್ತು. ಇನ್ನೊಂದು 1,90,000 ಕಿ.ಮೀ. ಓಡಿ ಬಣ್ಣ ಮಾಸಿತ್ತು. “ಮಾಸ್ಟ್ರೇ, ನೀವೇ ಹೇಳಿ. ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ ದಾರಿಯಲ್ಲಿ ನಿಂತರೆ ನಾನೇನು ಮಾಡಲಿ?” ಎಂದು ಕೇಳಿದ.

ಯಂತ್ರಶಾಸ್ತ್ರ ನಮ್ಮ ವಿಷಯವಲ್ಲ. ಆದರೆ ದಾಖಲೆ ಪುಸ್ತಕ ಬರೆಯುವುದೂ ಓದುವುದೂ ಶಿಕ್ಷಕ ತರಬೇತಿಯ ದಿನಗಳಿಂದ ನಮಗೆ ರೂಢಿಯಾದ ವಿದ್ಯೆ. ಆದುದರಿಂದ ನಮ್ಮದೇ ವೃತ್ತಿಯವರೊಬ್ಬರ ಉದಾಹರಣೆಯನ್ನು ಅವನ ಮುಂದಿಟ್ಟೆವು.

ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಲಾಂಗ್ ಐಲೆಂಡಿನಲ್ಲಿ ಇರ್ವ್ ಗೋರ್ಡನ್ ಎಂಬ ವಿಜ್ಞಾನ ಶಿಕ್ಷಕರಿದ್ದರು. 1966ರಲ್ಲಿ ಅವರು ಸ್ವೀಡನ್ನಿನ ವೋಲ್ವೋ 1800ಎಸ್ ಕಾರನ್ನು ಕೊಂಡರು. ಮನೆಯಿಂದ ಶಾಲೆಗೆ ಹೋಗಿಬರುವ ದಾರಿ ದಿನಕ್ಕೆ 125 ಮೈಲಿ, ಎಂದರೆ ಸುಮಾರು 200 ಕಿ.ಮೀ. ಹನಿ ಹನಿ ಕೂಡಿದರೆ ಹಳ್ಳ ಎಂಬಂತೆ, 1987ರಲ್ಲಿ ಹತ್ತು ಲಕ್ಷ ಮೈಲಿ, 2002ರಲ್ಲಿ ಇಪ್ಪತ್ತು ಲಕ್ಷ ಮೈಲಿ ತುಂಬಿತು. 2013ರ ಸೆಪ್ಟೆಂಬರಿನಲ್ಲಿ ಅಲಾಸ್ಕಾದಲ್ಲಿ ಆ ಕಾರು ಮೂವತ್ತು ಲಕ್ಷ ಮೈಲಿಗಳನ್ನು, ನಮ್ಮ ಲೆಕ್ಕದಲ್ಲಿ 48 ಲಕ್ಷ ಕಿ.ಮೀ.ಗಳನ್ನು, ಮುಟ್ಟಿ ಗಿನ್ನೆಸ್ ದಾಖಲೆಯಾಯಿತು. 2018ರಲ್ಲಿ ಗೋರ್ಡನ್ ತೀರಿಕೊಂಡರು. ಅವರ ಇಂಜಿನನ್ನು ಬಿಚ್ಚಿ ಕಟ್ಟಿದ್ದೂ ಉಂಟು. ಆದರೆ ಮೊದಲ ಸಲ ಬಿಚ್ಚಿದ್ದು 6,80,000 ಮೈಲಿಗಳ ಬಳಿಕ. ಅವರ ಗುಟ್ಟೆಂದರೆ ಇಷ್ಟೇ: ಕಾರಿನೊಡನೆ ಬಂದ ಕೈಪಿಡಿಯನ್ನು ಓದಿದರು, ಅದರಂತೆ ನಡೆದರು, ಎಣ್ಣೆ ಬದಲಿಸುವ ಗಡುವನ್ನು ತಪ್ಪಿಸಲಿಲ್ಲ.

ಮೊದಲಿನಿಂದಲೂ ಒಬ್ಬರ ಕೈಯಲ್ಲೇ ಇದ್ದ ಕಾರೆಂದು ಯಾರಾದರೂ ಆಕ್ಷೇಪಿಸಬಹುದು. ಗ್ರೀಸ್ ದೇಶದ ಥೆಸಲೋನಿಕಿಯ ಟ್ಯಾಕ್ಸಿ ಚಾಲಕ ಗ್ರಿಗೋರಿಯೋಸ್ ಸಚಿನಿಡಿಸ್ 1981ರಲ್ಲಿ ಕೊಂಡದ್ದು ಆಗಲೇ 2,20,000 ಕಿ.ಮೀ. ಓಡಿದ್ದ, 1976ರ ಮಾದರಿಯ ಮರ್ಸಿಡಿಸ್ 240ಡಿ ಕಾರನ್ನು. 2004ರಲ್ಲಿ ಅದನ್ನು ತಯಾರಕರ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸುವಾಗ ಅದು ಓಡಿದ್ದ ದೂರ 46 ಲಕ್ಷ ಕಿ.ಮೀ. ಇತರರು ಮುದಿಯೆಂದು ಕೈಬಿಡಬಹುದಾಗಿದ್ದ ಕಾರು ಒಂದು ಸಂಸಾರವನ್ನು ಎರಡು ದಶಕಗಳಿಗೂ ಮಿಕ್ಕಿ ಸಾಕಿತು.

ಹಾಗಾದರೆ ಕಾರನ್ನು ಸವೆಸುವುದು ದೂರವಲ್ಲವೇ? ದೂರವೂ ಹೌದು, ಆದರೆ ದೂರ ಮಾತ್ರವಲ್ಲ. ರಾತ್ರಿಯಿಡೀ ನಿಂತ ಇಂಜಿನನ್ನು ಬೆಳಗ್ಗೆ ಚಾಲೂ ಮಾಡಿದ ಕ್ಷಣದಲ್ಲಿ ಎಣ್ಣೆ ಇನ್ನೂ ಎಲ್ಲ ಭಾಗಗಳಿಗೂ ಹರಿದಿರುವುದಿಲ್ಲ. ಸವೆತ ಹೆಚ್ಚು ಆಗುವುದು ಆಗಲೇ. ಪೇಟೆಗೆ ಎರಡು ಮೈಲಿ ಹೋಗಿ ನಿಲ್ಲಿಸಿದರೆ ಇಂಜಿನು ಸರಿಯಾಗಿ ಕಾಯುವುದೂ ಇಲ್ಲ, ಎಣ್ಣೆಯಲ್ಲಿ ಸೇರಿದ ನೀರಿನ ಅಂಶ ಆವಿಯಾಗುವುದೂ ಇಲ್ಲ. ಹೆದ್ದಾರಿಯಲ್ಲಿ ಒಂದೇ ಗತಿಯಲ್ಲಿ ನೂರು ಕಿ.ಮೀ. ಓಡಿದ ಕಾರಿಗೆ ಈ ಕಷ್ಟವಿಲ್ಲ. ಇನ್ನು ರಬ್ಬರು, ಪ್ಲಾಸ್ಟಿಕ್ಕುಗಳಿಗೆ ಕಿಲೋಮೀಟರಿನ ಲೆಕ್ಕಕ್ಕಿಂತ ವರ್ಷಗಳ ಲೆಕ್ಕವೇ ಮುಖ್ಯ. ಬ್ರೇಕಿನ ಎಣ್ಣೆ ನಿಂತಲ್ಲೇ ತೇವ ಹೀರುತ್ತದೆ. ನೀರಿನ ಕೊಳವೆಗಳು ಗಡುಸಾಗಿ ಬಿರಿಯುತ್ತವೆ. ಎಲ್ಲಕ್ಕಿಂತ ಅಪಾಯದ್ದು ಟೈಮಿಂಗ್ ಬೆಲ್ಟ್: ಅನೇಕ ಇಂಜಿನುಗಳಲ್ಲಿ ಅದು ತುಂಡಾದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು, ಕ್ಷಣಮಾತ್ರದಲ್ಲಿ ಇಂಜಿನು ಹಾಳಾಗುತ್ತದೆ.

ನಮ್ಮವರ ಭಯ ನಿರಾಧಾರವೇನೂ ಅಲ್ಲ. ಆ ಮರ್ಸಿಡಿಸ್ ಇಂಜಿನಿನಲ್ಲಿ ಬೆಲ್ಟಿನ ಬದಲು ಸರಪಳಿಯಿತ್ತು, ಟರ್ಬೊ ಇರಲಿಲ್ಲ, ಇಲೆಕ್ಟ್ರಾನಿಕ್ ಭಾಗಗಳ ಗೊಡವೆಯೂ ಇರಲಿಲ್ಲ. ಇಂದಿನ ಯುರೋಪಿನ ಕಾರುಗಳು ಹಾಗಲ್ಲ. ಅವುಗಳ ದೋಷ ಹುಡುಕಲು ಕಂಪ್ಯೂಟರು ಬೇಕು, ತಿಳಿದವರು ಬೇಕು, ಭಾಗಗಳ ಬೆಲೆಯೂ ಅಧಿಕ. ಇಟಲಿಯ ಫಿಯಟ್ 1100ರಿಂದ ಹುಟ್ಟಿದ ಪದ್ಮಿನಿ 2023ರ ಅಕ್ಟೋಬರಿನವರೆಗೂ ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ಓಡಿದ್ದು ಹೇಗೆ? ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅಂಬಾಸಡರ್ ನಮ್ಮ ಹಳ್ಳಿದಾರಿಗಳಲ್ಲಿ ಬಾಳಿದ್ದು ಹೇಗೆ? ಮೂಲೆ ಮೂಲೆಯ ಮೆಕ್ಯಾನಿಕ್ಕಿಗೂ ಅವುಗಳ ಒಳಗುಟ್ಟು ತಿಳಿದಿತ್ತು, ಬಿಡಿಭಾಗ ಎಲ್ಲಿಯೂ ಸಿಗುತ್ತಿತ್ತು. ಕಾರಿನ ಬಾಳಿಕೆಯೆಂಬುದು ಕಾರ್ಖಾನೆಯೊಂದರ ಸಾಧನೆಯಲ್ಲ. ಸಾಕುವ ಒಡೆಯನೂ ರಿಪೇರಿಯ ಕೈಯೂ ಅದರಲ್ಲಿ ಪಾಲುದಾರರು.

ಅಂಕಿಯನ್ನು ಮಾತ್ರ ನಂಬಬಾರದೆಂಬುದು ಯುರೋಪಿಯನ್ನರಿಗೂ ತಿಳಿದ ವಿಷಯ. ಬೆಲ್ಜಿಯಂ ದೇಶದಲ್ಲಿ 2006ರಿಂದ ಹಳೆಯ ಕಾರನ್ನು ಮಾರುವಾತ ‘ಕಾರ್-ಪಾಸ್’ ಎಂಬ ಪತ್ರವನ್ನು ಕೊಡಲೇಬೇಕು. ರಿಪೇರಿ, ತಪಾಸಣೆಗಳಾದಾಗಲೆಲ್ಲ ದಾಖಲಾದ ಕಿಲೋಮೀಟರುಗಳು ಅದರಲ್ಲಿರುತ್ತವೆ. ನಮ್ಮಲ್ಲಿ ಅಂಥ ಪತ್ರವಿಲ್ಲದಿದ್ದರೂ ರಶೀದಿಗಳನ್ನು ಕೇಳಲು ಯಾರ ಅಡ್ಡಿಯೂ ಇಲ್ಲವಷ್ಟೆ.

ನಮ್ಮ ವಿದ್ಯಾರ್ಥಿಗೆ ನಾವು ಹೇಳಿದ್ದೂ ಅದನ್ನೇ. ಅವನು ಹೋಗಿ ಕೇಳಿದಾಗ ಮಿರುಗುವ ಕಾರಿನ ಒಡೆಯರಲ್ಲಿ ಒಂದು ಕಾಗದವೂ ಇರಲಿಲ್ಲ. ಹದಿಮೂರು ವರ್ಷಗಳಲ್ಲಿ ಬೆಲ್ಟ್ ಬದಲಿಸಿದ ನೆನಪೂ ಇರಲಿಲ್ಲ. ಬಣ್ಣ ಮಾಸಿದ ಕಾರಿನದು ಒಂದು ಕಟ್ಟು ರಶೀದಿ. ತಾರೀಕೂ ಕಿಲೋಮೀಟರೂ ಒಂದಕ್ಕೊಂದು ಹೊಂದುತ್ತಿದ್ದವು. ಆ ಕಾರುಗಳನ್ನು ಬಲ್ಲ ಮೆಕ್ಯಾನಿಕ್ಕಿಗೆ ತೋರಿಸಿ, ಅವನು ಎರಡನೆಯದನ್ನೇ ಕೊಂಡ. ಬೆಲೆಯಲ್ಲಿ ಉಳಿದ ಹಣದಿಂದ ಬೆಲ್ಟ್, ನೀರಿನ ಪಂಪು, ಕೊಳವೆಗಳನ್ನು ಹೊಸದಾಗಿ ಹಾಕಿಸಿದ. ಕರ್ನಾಟಕದ ನೋಂದಣಿಯ ಕಾರಾದುದರಿಂದ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿನ ತೆರಿಗೆ ಕಟ್ಟಿ, ಮರುನೋಂದಣಿಯನ್ನೂ ಮಾಡಿಸಿದ. ಗಡಿಯಲ್ಲಿ ಬಾಳುವವರು ಹಳೆಯ ಕಾರಿನ ಬೆಲೆಗೆ ಈ ಖರ್ಚನ್ನೂ ಮೊದಲೇ ಕೂಡಿಸಿಕೊಳ್ಳುವುದು ಲೇಸು.

ಆ ಕಾರು ಇಂದಿನವರೆಗೆ ದಾರಿಯಲ್ಲಿ ನಿಂತಿಲ್ಲ. ನಾಳೆಯೂ ನಿಲ್ಲದೆಂದು ಯಾರೂ ಮಾತು ಕೊಡಲಾರರು. ಆದುದರಿಂದಲೇ ಅವನು ಊರಿನ ಟ್ಯಾಕ್ಸಿಯವನೊಬ್ಬನಿಗೆ ಚಿಕಿತ್ಸೆಯ ದಿನಗಳನ್ನು ಮೊದಲೇ ತಿಳಿಸಿಟ್ಟಿದ್ದಾನೆ. ಎಚ್ಚರವೆಂದರೆ ಅದು. ಮನೆಯಲ್ಲಿ ವಾಹನವುಳ್ಳ ಓದುಗ ಬಂಧುಗಳು ಒಂದು ನೋಟುಪುಸ್ತಕ ಇಟ್ಟು, ಎಣ್ಣೆ ಬದಲಿಸಿದ ದಿನ, ಬೆಲ್ಟ್ ಹಾಕಿಸಿದ ವರ್ಷ, ಓಡಿದ ಕಿಲೋಮೀಟರುಗಳನ್ನು ಅದರಲ್ಲಿ ಬರೆಯುತ್ತ ಬರಲಿ. ಬರೆದವರಿಗೆ ಮರೆವಿನ ನಷ್ಟ ತಪ್ಪುತ್ತದೆ. ಮುಂದೆ ಅದೇ ಕಾರನ್ನು ಕೊಳ್ಳುವ ಬಡ ಸಂಸಾರಕ್ಕೆ ಮೋಸದ ಭಯ ತಪ್ಪುತ್ತದೆ.