ಬೀಸಿಗೆ ಊರುಗೋಲು

ಗಾಲ್ಫ್ ಆಟವು ನೋಡುವವನಿಗೆ ಅತಿ ಸುಲಭವೆಂದು ತೋರಿ, ಕೋಲು ಹಿಡಿದವನಿಗೆ ಮಾತ್ರ ತನ್ನ ಕಾಠಿನ್ಯವನ್ನು ತಿಳಿಯಗೊಡುವ ವಿದ್ಯೆ. ಚೆಂಡು ಅಲುಗದೆ ನೆಲದ ಮೇಲೆ ಕುಳಿತಿರುತ್ತದೆ. ಎದುರಾಳಿ ಅದನ್ನು ಮುಟ್ಟುವಂತಿಲ್ಲ. ಆದರೂ ಕೋಲಿನ ಮೋರೆಗೂ ಚೆಂಡಿಗೂ ಸ್ಪರ್ಶವಿರುವುದು ಸೆಕೆಂಡಿನ ಸುಮಾರು 2000ದಲ್ಲೊಂದು ಪಾಲಿನಷ್ಟು ಹೊತ್ತು. ಅಷ್ಟರೊಳಗೆ ತಪ್ಪನ್ನು ತಿದ್ದಿಕೊಳ್ಳುವುದು ಯಾರ ಕೈಗೂ ಶಕ್ಯವಲ್ಲ. ತಿದ್ದುವುದೆಲ್ಲ ಮೊದಲೇ, ಅಭ್ಯಾಸದ ಬಯಲಿನಲ್ಲಿಯೇ ಆಗಬೇಕು. ಅಭ್ಯಾಸಸಾಧನಗಳ ವ್ಯಾಪಾರವು ಇಷ್ಟು ಹಬ್ಬಿರುವುದಕ್ಕೂ ಇದೇ ಕಾರಣ.

ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ಬು ಉಂಟು. ಉದ್ಯೋಗದಿಂದ ನಿವೃತ್ತರಾದ ಮೇಲೆ ಕೋಲು ಹಿಡಿಯುವವರು ಈ ನಗರದಲ್ಲಿ ವಿರಳರಲ್ಲ. ಅಂತಹವನ ಬಳಿ ಹಣವಿದ್ದೀತು, ಬೆನ್ನೂ ಇರಬೇಕಷ್ಟೆ. ಐವತ್ತು ಹೊಡೆತಗಳಾಗುವಷ್ಟರಲ್ಲಿ ಸೊಂಟವು ಸಾಕೆನ್ನುತ್ತದೆ. ಆ ಐವತ್ತನ್ನು ಯಾವುದಕ್ಕೆ ವ್ಯಯಮಾಡಬೇಕೆಂಬುದು ಅವನಿಗೆ ಸಣ್ಣ ಪ್ರಶ್ನೆಯಲ್ಲ.

ವೈದ್ಯಶಾಸ್ತ್ರದಲ್ಲಿ ನಿದಾನವು ಮೊದಲು, ಚಿಕಿತ್ಸೆಯು ಅನಂತರ. ಅಂಗಡಿಗೆ ಹೋದವನಾದರೋ ಔಷಧವನ್ನು ಮೊದಲು ಕೊಂಡು ರೋಗವನ್ನು ಆಮೇಲೆ ಹುಡುಕುತ್ತಾನೆ. ಬಲಗೈಯವನ ಚೆಂಡು ಬಲಕ್ಕೆ ಬಾಗಿ ಪೊದೆ ಸೇರುವ ಪ್ರಸಿದ್ಧ ವ್ಯಾಧಿಯನ್ನೇ ತೆಗೆದುಕೊಳ್ಳಬಹುದು. ಇದಕ್ಕೆ ಸ್ಲೈಸ್ ಎಂದು ಹೆಸರು. ಕೋಲು ಸಾಗುವ ಹಾದಿಗಿಂತ ಅದರ ಮೋರೆ ಬಲಕ್ಕೆ ತೆರೆದಿರುವುದು ಒಂದು ಕಾರಣ. ದೊಡ್ಡ ತಲೆಯ ಡ್ರೈವರಿನಲ್ಲಿ, ಚೆಂಡು ಮೋರೆಯ ನಡುವೆ ತಗುಲದೆ ಹಿಡಿಯ ಕಡೆಯ ಅಂಚಿಗೆ ತಗುಲುವುದು ಇನ್ನೊಂದು. ಹೊಡೆದವನ ಕಣ್ಣಿಗೆ ಎರಡೂ ಒಂದೇ. ಪಾಪ, ಅವನು ಚೆಂಡು ಬಲಕ್ಕೆ ಹೋಯಿತೆಂದು ಎಡಕ್ಕೆ ತಿರುಗಿ ನಿಲ್ಲುತ್ತಾನೆ. ಬೀಸು ಇನ್ನಷ್ಟು ಎಡಕ್ಕೆ ಸಾಗುತ್ತದೆ. ಮೋರೆ ಹಾಗೆಯೇ ತೆರೆದಿದ್ದರೆ ಬಾಗು ಇಮ್ಮಡಿಯಾಗುತ್ತದೆ.

ಇಲ್ಲಿ ಉಪಕರಿಸುವ ವಸ್ತು ಅತ್ಯಲ್ಪ ಬೆಲೆಯದು. ಪಾದಗಳಿಗೆ ಸಿಂಪಡಿಸಿಕೊಳ್ಳುವ ಔಷಧದ ಪುಡಿಯನ್ನು ಕೋಲಿನ ಮೋರೆಗೆ ತೆಳುವಾಗಿ ಸಿಂಪಡಿಸಿದರೆ ಚೆಂಡು ತಾಗಿದೆಡೆ ದುಂಡನೆಯ ಗುರುತು ಬೀಳುತ್ತದೆ. ಗುರುತು ಅಂಚಿನಲ್ಲಿದ್ದರೆ ಚೆಂಡಿಗೂ ತನಗೂ ಇರುವ ದೂರವನ್ನು ಮೊದಲು ಪರೀಕ್ಷಿಸಬೇಕು. ನಡುವೆಯೇ ಇದ್ದರೆ ದೋಷವನ್ನು ಹಿಡಿತದಲ್ಲಿಯೋ ಹಾದಿಯಲ್ಲಿಯೋ ಅರಸಬೇಕು. ಆಗ ಪಾದಗಳ ಮುಂದೆ, ಗುರಿಯ ರೇಖೆಗೆ ಸಮಾನಾಂತರವಾಗಿ ಇಟ್ಟ ಒಂದು ಸಪೂರ ಕಡ್ಡಿ ಬೇಕಾಗುತ್ತದೆ. ನೇರವಾಗಿ ನಿಂತಿರುವೆನೆಂಬ ಅಭಿಮಾನವನ್ನು ಆ ಕಡ್ಡಿಯು ಬೇಗನೆ ಇಳಿಸುತ್ತದೆ. ರೇಡಾರ್ ಯಂತ್ರಗಳು ಹಾದಿಯನ್ನೂ ಮೋರೆಯ ಕೋನವನ್ನೂ ಅಂಕಿಗಳಲ್ಲಿ ಹೇಳುತ್ತವೆ. ಅವನ್ನು ಕೊಳ್ಳುವುದಕ್ಕಿಂತ, ಅವುಗಳನ್ನು ಓದಬಲ್ಲ ಶಿಕ್ಷಕನ ಬಳಿ ಒಂದು ಗಂಟೆ ಕಳೆಯುವುದು ಮೇಲು.

ಮಣಿಕಟ್ಟನ್ನು ಬಿಗಿದು ತಪ್ಪೇ ಆಗಗೊಡದ ಪಟ್ಟಿಗಳ ವಿಷಯದಲ್ಲಿ ಸಂಶಯವಿರಬೇಕು. ವೇದಾಧ್ಯಯನದಲ್ಲಿ ಎಳೆಯ ವಟುವಿನ ತಲೆಯನ್ನು ಗುರುವು ಕೈಯಿಂದಲೇ ಬಾಗಿಸಿ ಎತ್ತಿ ಸ್ವರಗಳನ್ನು ಕಲಿಸುವ ಕ್ರಮವುಂಟು. ಆದರೆ ಆ ಗುರುವು ಕೈಯನ್ನು ಯಾವಾಗ ತೆಗೆಯಬೇಕೆಂದೂ ಬಲ್ಲನು. ಪಟ್ಟಿಗೆ ಆ ಜ್ಞಾನವಿಲ್ಲ. ಭಾರದ ಕೋಲಂತೂ ಅರುವತ್ತರ ಬೆನ್ನಿಗೆ ಎಚ್ಚರದಿಂದ ಎತ್ತತಕ್ಕದ್ದು.

ಆಟದ ನಿಯಮಗಳೂ ಈ ಊರುಗೋಲುಗಳನ್ನು ಒಳಗೆ ಬಿಡುವುದಿಲ್ಲ. ಸುತ್ತು ಆರಂಭವಾದ ಮೇಲೆ ಕೋಲಿಗೆ ಭಾರದ ಬಳೆ ತೊಡಿಸಿ ಬರಿದೇ ಒಮ್ಮೆ ಬೀಸಿದರೂ ಹೊಡೆತಗಳ ಲೆಕ್ಕದ ಆಟದಲ್ಲಿ ಎರಡು ಹೊಡೆತಗಳ ದಂಡ. ಮತ್ತೊಮ್ಮೆ ಉಲ್ಲಂಘಿಸಿದರೆ ಆಟದಿಂದಲೇ ಹೊರಗೆ. ಆದ್ದರಿಂದ ಬಯಲಿನಲ್ಲಿಯೂ ಹತ್ತು ಚೆಂಡುಗಳನ್ನು ಕಡ್ಡಿಯೊಡನೆ, ಹತ್ತನ್ನು ಕಡ್ಡಿಯಿಲ್ಲದೆ ಹೊಡೆಯುವುದು ಯುಕ್ತ. ಎರಡನೆಯ ಹತ್ತು ಪೊದೆ ಸೇರಿದರೆ ಮರುದಿನ ಮತ್ತೆ ಪುಡಿಯ ಡಬ್ಬಿಯಿಂದ ಮೊದಲುಮಾಡಬೇಕು.