ಹೆಸರೊಂದೇ, ಮನೆ ಬೇರೆ

ಬ್ಲಾಗಿನ ಕಡೆ ತಲೆ ಹಾಕಿ ಮೂರು ತಿಂಗಳ ಮೇಲಾಯ್ತು. ಮಧ್ಯೆ ಒಂದಿಬ್ಬರು "ಏನ್ರೀ, ಬರೆಯೋದು ಬಿಟ್ಟೇಬಿಟ್ರಾ?" ಅಂತ ಮೇಲ್ ಮಾಡಿದ್ದರು. ಬಿಟ್ಟಿಲ್ಲ ಮಾರಾಯ್ರೆ, ಆಫೀಸಿನಲ್ಲಿ ಒಂದು ಕೆಂಪು ಸಾಲಿನ ಹಿಂದೆ ಬಿದ್ದಿದ್ದೆ ಅಷ್ಟೆ. ಇವತ್ತು ಬರೆಯುತ್ತಿರೋದೂ ಆ ಸಾಲಿನ ಬಗ್ಗೆಯೇ. ಸಾಫ್ಟ್‌ವೇರಿನವರಲ್ಲದ ಗೆಳೆಯರು ಮಧ್ಯೆ ಒಂದೆರಡು ಪ್ಯಾರಾ ಹಾರಿಸಿಕೊಂಡು ಓದಬಹುದು. ನನ್ನ ಮರ್ಯಾದೆ ಹೋದ ಭಾಗ ಕೊನೆಯಲ್ಲಿದೆ, ಅದನ್ನು ಮಾತ್ರ ಬಿಡಬೇಡಿ :-)

ನಾನಿರುವ ಪ್ರಾಜೆಕ್ಟು ಹೊರದೇಶದ ಒಂದು ವಿಮಾ ಕಂಪನಿಯದು. ಅದರ ಕೋಡಿನಲ್ಲಿ ಬಹುಪಾಲು ಬರೆದದ್ದು 2004ರಲ್ಲಿ. ಆಗ ನಾನು ಎರಡನೇ ಕ್ಲಾಸು, ಮಗ್ಗಿ ಬಾರದೆ ಬೆಂಚಿನ ಮೇಲೆ ನಿಲ್ಲುತ್ತಿದ್ದ ಕಾಲ. ಹೊರಗೆ ಜಾವಾ ಎಲ್ಲೆಲ್ಲೋ ಹೋಗಿದೆ, ನಾವು ಮಾತ್ರ ಜಾವಾ 8ರಲ್ಲಿ, ಅದರ ಮೇಲೆ ಇಜೆಬಿ 2.1 ಇಟ್ಟುಕೊಂಡು ಸಂಸಾರ ಮಾಡ್ತಾ ಇದ್ದೇವೆ. ಇಂಜಿನಿಯರಿಂಗ್ ಓದುವಾಗ ಹೆಸರಿನಲ್ಲೇ ಜೆ2ಇಇ ಇದ್ದ ಒಂದು ಸಬ್ಜೆಕ್ಟ್ ತಗೊಂಡಿದ್ದೆ. ಸರ್ವ್‌ಲೆಟ್ಟು, ಜೆಡಿಬಿಸಿ ಆಗುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು. ಇಜೆಬಿಯ ಮುಖ ನೋಡಿದ್ದು ಕೆಲಸಕ್ಕೆ ಸೇರಿದ ಮೇಲೇ.

ಇಜೆಬಿ ಅಂದರೆ ಎಂಟರ್‌ಪ್ರೈಸ್ ಜಾವಾಬೀನ್ಸ್. 1998ರಲ್ಲಿ ಇದರ ಮೊದಲ ಆವೃತ್ತಿ ಬಂತು. ಬೇರೆ ಮಷೀನಿನಲ್ಲಿ ಕೂತಿರುವ ಒಂದು ಜಾವಾ ವಸ್ತುವನ್ನು, ಪಕ್ಕದಲ್ಲೇ ಕೂತಿದೆಯೇನೋ ಎಂಬ ಹಾಗೆ ಮಾತಾಡಿಸುವ ವ್ಯವಸ್ಥೆ. ಮೊದಲು ಹೆಸರು ಹೇಳಿ ಹುಡುಕಬೇಕು, ಅದು ಲುಕಪ್. ಹುಡುಕಿದಾಗ ಕೈಗೆ ಸಿಗೋದು ಬರೀ 'ಆಬ್ಜೆಕ್ಟ್', ಅಂದರೆ ಮುಖಕ್ಕೆ ಮುಸುಕು ಹಾಕಿಕೊಂಡ ಒಂದು ವಸ್ತು. ಅದನ್ನು "ನೀನು ಇಂಥವನು" ಅಂತ ಹೇಳಿ ಬೇಕಾದ ಟೈಪಿಗೆ ಕಾಸ್ಟ್ ಮಾಡಿಕೊಳ್ಳಬೇಕು. ಅದು ಅಂಥವನಲ್ಲದಿದ್ದರೆ ಜಾವಾ ಮುಖಕ್ಕೇ ಉಗಿಯುತ್ತದೆ, ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್ ಅಂತ.

ಈಗ ಕಥೆ. ಎರಡು ವಾರದ ಹಿಂದೆ ಒಂದು ಮಂಗಳವಾರ ಹೊಸ ಬಿಲ್ಡನ್ನು ಸ್ಟೇಜಿಂಗ್‌ಗೆ ಹಾಕಿದೆವು. ಬೆಳಿಗ್ಗೆ ಹನ್ನೊಂದಕ್ಕೆ ಪಾಲಿಸಿ ತೋರಿಸುವ ಪರದೆ ಬಿತ್ತು. ಲಾಗಿನಲ್ಲಿದ್ದ ಸಾಲು ಹೀಗಿತ್ತು: ಪಾಲಿಸಿಇನ್ಫೋವನ್ನು ಪಾಲಿಸಿಇನ್ಫೋಗೆ ಕಾಸ್ಟ್ ಮಾಡಲಾಗದು.

ಎರಡು ಸಲ ಓದಿದೆ. ಪ್ಯಾಕೇಜಿನ ಹೆಸರು ಸಮೇತ ಎರಡೂ ಒಂದೇ. ರಾಮನನ್ನು ರಾಮ ಅನ್ನಲಾಗದು ಅಂದರೆ ಏನರ್ಥ?

ನಮ್ಮ ಟೀಮಿಗೆ ಬಂದು ಐದು ತಿಂಗಳಾದ ಒಬ್ಬ ಹುಡುಗಿ ಇದ್ದಾಳೆ, ಹಾಸನದ ಕಡೆಯವಳು. ಸರ್ ಅನ್ನಬೇಡ ಅಂತ ಎಷ್ಟು ಹೇಳಿದರೂ ಸರ್ ಅಂತಲೇ ಕರೀತಾಳೆ. "ಸರ್, ಎರಡೂ ಕಡೆ ಒಂದೇ ಇದೆಯಲ್ಲ, ಜಾವಾಗೇ ಹುಚ್ಚು ಹಿಡಿದಿದೆಯಾ?" ಅಂದಳು. ಅವಳಿಗೆ ನಮ್ಮೂರಿನ ಮಂಜನ ಕಥೆ ಹೇಳಿದೆ.

ನಮ್ಮೂರು ಸಾಗರದ ಹತ್ತಿರ. ಇರೋದೇ ಹದಿನಾಲ್ಕು ಮನೆ, ಅದರಲ್ಲಿ ಮೂವರು ಮಂಜುನಾಥರು. ಕೆಳಗಿನಮನೆ ಮಂಜ, ಹೊಸಮನೆ ಮಂಜ, ದೊಡ್ಡಮನೆ ಮಂಜ. ಮೂವರೂ ಭಟ್ಟರೇ, ಇಬ್ಬರ ಅಪ್ಪನ ಹೆಸರೂ ಒಂದೇ. ಊರಲ್ಲಿ ಯಾರೂ ಬರೀ ಮಂಜ ಅನ್ನೋದಿಲ್ಲ. ಮನೆ ಹೆಸರು ಸೇರಿಸದಿದ್ದರೆ ಮದುವೆ ಕಾಗದದಿಂದ ಹಿಡಿದು ಸೊಸೈಟಿಯ ಸಾಲದ ನೋಟೀಸಿನವರೆಗೆ ಎಲ್ಲ ತಪ್ಪು ಮನೆಗೇ. ಜಾವಾ ಈ ವಿಷಯದಲ್ಲಿ ಅಪ್ಪಟ ನಮ್ಮೂರು. ಕ್ಲಾಸಿನ ಗುರುತು ಅಂದರೆ ಹೆಸರಷ್ಟೇ ಅಲ್ಲ, ಹೆಸರು ಮತ್ತು ಅದನ್ನು ಮೆಮೊರಿಗೆ ಹೊತ್ತು ತಂದ ಕ್ಲಾಸ್ ಲೋಡರ್, ಎರಡೂ ಸೇರಿ. ಒಂದೇ ಫೈಲನ್ನು ಇಬ್ಬರು ಲೋಡರ್‌ಗಳು ಬೇರೆ ಬೇರೆಯಾಗಿ ಹೊತ್ತು ತಂದರೆ ಅವು ಎರಡು ಬೇರೆ ಕ್ಲಾಸುಗಳು. ಬೈಟು ಬೈಟೂ ಒಂದೇ ಆಗಿದ್ದರೂ ಅಷ್ಟೆ.

ನಮ್ಮಲ್ಲಿ ಆಗಿದ್ದೂ ಅದೇ. ಬೀನ್ ಹುಡುಕಿ, ಮಾತಾಡಿಸಿ, ಪಾಲಿಸಿಯ ವಿವರ ತಂದುಕೊಡುವ ಒಂದು ಹೆಲ್ಪರ್ ಕ್ಲಾಸ್ ಇದೆ. ಅದಿರೋದು ಸರ್ವರಿನ ಕಾಮನ್ ಫೋಲ್ಡರಿನಲ್ಲಿ. ಪಾಲಿಸಿಇನ್ಫೋ ಇರುವ ಜಾರ್ ಫೈಲೂ ಅಲ್ಲೇ ಇತ್ತು. ಇವಳು ಬೇರೇನೋ ಕೆಲಸಕ್ಕೆ ಅದೇ ಜಾರ್‌ನ ಇನ್ನೊಂದು ಪ್ರತಿಯನ್ನು ವೆಬ್ ಅಪ್ಲಿಕೇಶನ್ನಿನ ಒಳಗೂ ಸೇರಿಸಿಬಿಟ್ಟಿದ್ದಳು. ನಮ್ಮ ವೆಬ್ ಅಪ್ಲಿಕೇಶನ್ನಿನ ಲೋಡರ್ ಮೊದಲು ತನ್ನ ಮನೆಯೊಳಗೆ ಹುಡುಕುತ್ತದೆ, ಅಲ್ಲಿ ಸಿಗದಿದ್ದರೆ ಮಾತ್ರ ದೊಡ್ಡವರನ್ನು ಕೇಳುತ್ತದೆ. ಹೆಲ್ಪರ್ ತಂದುಕೊಟ್ಟಿದ್ದು ದೊಡ್ಡಮನೆ ಮಂಜನನ್ನು, ಪರದೆಯ ಕೋಡು ಕಾಯ್ತಾ ಇದ್ದದ್ದು ಹೊಸಮನೆ ಮಂಜನಿಗೆ.

ಇದನ್ನು ಹಿಡಿಯೋದು ಕಷ್ಟವೇನಲ್ಲ. ಕಾಸ್ಟ್ ಮಾಡುವ ಸಾಲಿನ ಮುಂಚೆ, ಬಂದ ವಸ್ತುವಿನ ಗೆಟ್‌ಕ್ಲಾಸ್‌ನಿಂದ ಗೆಟ್‌ಕ್ಲಾಸ್‌ಲೋಡರ್ ಕೇಳಿ ಪ್ರಿಂಟ್ ಮಾಡಿ. ನಾವು ಕಾಸ್ಟ್ ಮಾಡಹೊರಟ ಕ್ಲಾಸಿನದ್ದನ್ನೂ ಪ್ರಿಂಟ್ ಮಾಡಿ. ಎರಡೂ ಬೇರೆ ಬಂದರೆ ಕಳ್ಳ ಸಿಕ್ಕ ಹಾಗೇ. ಕೋಡು ಮುಟ್ಟುವ ಹಾಗಿಲ್ಲದಿದ್ದರೆ ಜಾವಾ ಶುರು ಮಾಡುವಾಗ ವರ್ಬೋಸ್ ಕ್ಲಾಸ್ ಅನ್ನುವ ಆಯ್ಕೆ ಕೊಡಿ, ಯಾವ ಕ್ಲಾಸು ಯಾವ ಜಾರ್‌ನಿಂದ ಬಂತು ಅಂತ ಒಂದೊಂದಾಗಿ ಹೇಳುತ್ತಾ ಹೋಗುತ್ತದೆ. (2018ರ ಜಾವಾ 11ರಿಂದ ಈಚೆಗೆ ಎರರ್ ಸಂದೇಶದಲ್ಲೇ ಲೋಡರಿನ ಹೆಸರೂ ಬರುತ್ತದೆ. ನಮಗೆಲ್ಲಿ ಆ ಭಾಗ್ಯ.) ಒಳಗಿನ ಪ್ರತಿ ತೆಗೆದೆವು, ಮಧ್ಯಾಹ್ನ ಊಟದ ಹೊತ್ತಿಗೆ ಪರದೆ ಎದ್ದಿತು. ಮೀಟಿಂಗಿನಲ್ಲಿ ಮ್ಯಾನೇಜರ್ ಅವಳಿಗೆ ಎಲ್ಲರೆದುರು ಒಂದು ಸುತ್ತು ಬೈದರು, ಮುಗಿಯಿತು ಅಂದುಕೊಂಡೆವು.

ರಾತ್ರಿ ಹನ್ನೊಂದೂವರೆಗೆ ಬ್ಯಾಚ್ ಜಾಬ್ ಬಿತ್ತು. ಮತ್ತೆ ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್.

ಎಲ್ಲರೂ ಮನೆಯಿಂದಲೇ ಕಾಲ್‌ಗೆ ಸೇರಿದೆವು. ಯಾರೋ ಒಬ್ಬರು "ಬೆಳಗಿನದೇ ಎರರ್, ಇನ್ನೊಂದು ಜಾರ್ ಎಲ್ಲೋ ಉಳಿದುಕೊಂಡಿದೆ" ಅಂದರು. ಉಳಿದವರೆಲ್ಲ ಹೌದು ಹೌದು ಅಂದರು. ಮ್ಯಾನೇಜರ್ ಅವಳಿಗೆ ಎರಡೂ ಮಷೀನಿನ ಎಲ್ಲ ಜಾರ್‌ಗಳನ್ನೂ ಹೋಲಿಸಿ ನೋಡು ಅಂತ ಹೇಳಿ, ಕಾಲ್‌ನಲ್ಲಿರುವಾಗಲೇ ಕ್ಲೈಂಟಿಗೆ ಮೇಲೂ ಹಾಕಿಬಿಟ್ಟರು: ಹೊಸಬರೊಬ್ಬರ ಪ್ಯಾಕೇಜಿಂಗ್ ತಪ್ಪಿನಿಂದ ಹೀಗಾಗಿದೆ, ಸರಿ ಮಾಡುತ್ತಿದ್ದೇವೆ. ಅವಳು ಪಿಜಿಯಲ್ಲಿರೋದು. ರೂಮಿನವರು ಮಲಗಿದ್ದಾರೆ ಅಂತ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಮ್ಯೂಟ್ ತೆಗೆದಾಗಲೆಲ್ಲ ಹಿಂದೆ ಬೀದಿನಾಯಿಗಳ ಕಚ್ಚಾಟ ಕೇಳುತ್ತಿತ್ತು.

ಲಾಗನ್ನು ನಾನು ಆಗ ಪೂರ್ತಿ ಓದಿದೆ. ಎಕ್ಸೆಪ್ಷನ್ನಿನ ಹೆಸರು ಬೆಳಗಿನದೇ, ಆದರೆ ಮುಂದಿನ ಭಾಗ ಬೇರೆ. ಈ ಸಲ ಎಡಗಡೆ ಇದ್ದದ್ದು ಕೋರ್ಬಾಆಬ್ಜೆಕ್ಟ್‌ಇಂಪ್ಲ್, ಬಲಗಡೆ ನಮ್ಮ ಬೀನಿನ ಹೋಮ್ ಇಂಟರ್‌ಫೇಸು. ಜಾರ್‌ಗೂ ಇದಕ್ಕೂ ಸಂಬಂಧ ಇಲ್ಲ. ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತು, ಯಾಕೆಂದರೆ ಆ ಸಾಲು ನನ್ನದು.

ಹಿಂದಿನ ವಾರ ಬ್ಯಾಚ್ ಕೋಡನ್ನು "ಚೊಕ್ಕ" ಮಾಡಿದ್ದೆ. ಲುಕಪ್ ಆದ ಕೂಡಲೇ ಎಲ್ಲ ಕಡೆ ಪೋರ್ಟಬಲ್‌ರಿಮೋಟ್‌ಆಬ್ಜೆಕ್ಟ್ ಎಂಬುದರ ನ್ಯಾರೋ ಅನ್ನುವ ಮೆಥಡ್ ಕರೆದು, ಅದರಿಂದ ಬಂದದ್ದನ್ನು ಕಾಸ್ಟ್ ಮಾಡುತ್ತಿದ್ದರು. ನೇರವಾಗಿ ಕಾಸ್ಟ್ ಮಾಡಿದರೆ ಆಗೋದಿಲ್ಲವೇ? ನನ್ನ ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಿದೆ, ಆಯಿತು. ಶ್ರಾದ್ಧದ ದಿನ ಬೆಕ್ಕನ್ನು ಬುಟ್ಟಿಯ ಕೆಳಗೆ ಮುಚ್ಚಿಡುವ ಕಥೆ ನಿಮಗೆಲ್ಲ ಗೊತ್ತಲ್ಲ. ಅಪ್ಪ ಹಾಲು ಕುಡಿಯಲು ಬರುವ ಬೆಕ್ಕನ್ನು ಮುಚ್ಚಿಟ್ಟ, ಮಗ ಅದೂ ಶಾಸ್ತ್ರ ಅಂದುಕೊಂಡು ಮನೆಯಲ್ಲಿ ಬೆಕ್ಕಿಲ್ಲದಿದ್ದರೆ ಪಕ್ಕದ ಮನೆಯಿಂದ ತಂದು ಮುಚ್ಚಿಟ್ಟ. ಈ ನ್ಯಾರೋ ಕೂಡ ಅಂಥದೇ ಬೆಕ್ಕು ಅಂದುಕೊಂಡು ನಲವತ್ತೊಂದು ಕಡೆ ಬುಟ್ಟಿ ಎತ್ತಿ ಬಿಸಾಕಿದ್ದೆ. ಒಂದು ಕಡೆಯಂತೂ ಮೇಲುಗಡೆ "2004, ಈ ಸಾಲನ್ನು ತೆಗೆಯಬೇಡಿ" ಅಂತ ಇಂಗ್ಲಿಷಿನಲ್ಲಿ ಬರೆದು ಯಾರೋ ಇನಿಷಿಯಲ್ ಹಾಕಿದ್ದರು. ಯಾಕೆ ಅಂತ ಬರೆದಿರಲಿಲ್ಲ. ಆ ಕಾಮೆಂಟನ್ನೂ ಅಳಿಸಿದ್ದೆ.

ಇಲ್ಲಿ ಬೆಕ್ಕೂ ಇತ್ತು, ಹಾಲೂ ಇತ್ತು. ಹಳೆಯ ಇಜೆಬಿಯಲ್ಲಿ ಬೇರೆ ಮಷೀನಿನ ಜೊತೆ ಮಾತಾಡಲು ಐಐಒಪಿ ಎಂಬ ಭಾಷೆ ಬಳಸಬಹುದು. ಅದು ಜಾವಾದ್ದಲ್ಲ, ಕೋರ್ಬಾದ್ದು. ಕೋರ್ಬಾ ಸಿ++ನಂಥ ಬೇರೆ ಭಾಷೆಗಳ ಜೊತೆಗೂ ವ್ಯವಹಾರ ಇಟ್ಟುಕೊಂಡಿದ್ದ ವ್ಯವಸ್ಥೆ, ಅದಕ್ಕೆ ನಮ್ಮ ಜಾವಾ ಇಂಟರ್‌ಫೇಸುಗಳ ಪರಿಚಯ ತಾನಾಗಿ ಇರೋದಿಲ್ಲ. ಹಾಗಾಗಿ ಲುಕಪ್ ಮಾಡಿದರೆ ದೂರದ ವಸ್ತುವಿನ ವಿಳಾಸ ಹಿಡಿದುಕೊಂಡ ಒಬ್ಬ ಸಾಮಾನ್ಯ ಆಳು ಬರಬಹುದು. ಅವನಿಗೆ ನಮ್ಮ ಇಂಟರ್‌ಫೇಸಿನ ಒಂದು ಮೆಥಡೂ ಗೊತ್ತಿಲ್ಲ. ನ್ಯಾರೋ ಮಾಡೋದು ಏನೆಂದರೆ, ಆ ವಸ್ತು ನಿಜವಾಗಿ ನಾವು ಕೇಳಿದ ಬಗೆಯದ್ದೇ ಅಂತ ವಿಚಾರಿಸಿ, ಅದಕ್ಕೆ ತಕ್ಕ ಸ್ಟಬ್ ಕ್ಲಾಸನ್ನು ಹುಡುಕಿ, ಅದೇ ವಿಳಾಸವನ್ನು ಅದರ ಕೈಗೆ ಕೊಟ್ಟು ನಮ್ಮ ಮುಂದೆ ನಿಲ್ಲಿಸೋದು. ಕಾಸ್ಟ್ ಇದ್ದದ್ದನ್ನು ಇನ್ನೊಂದು ಹೆಸರಿನಿಂದ ಕರೆಯುತ್ತದೆ ಅಷ್ಟೆ, ಹೊಸದನ್ನು ತರುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಟೆಸ್ಟು ಓಡುತ್ತಿದ್ದದ್ದು ಸರ್ವರಿನ ಒಳಗೇ. ಅಲ್ಲಿ ಐಐಒಪಿಯ ಮಾತೇ ಇಲ್ಲ, ಸಿಗುವ ವಸ್ತುವಿಗೆ ಇಂಟರ್‌ಫೇಸು ಮೊದಲೇ ಗೊತ್ತಿರುತ್ತದೆ, ಬರೀ ಕಾಸ್ಟ್ ಸಾಕು. ಬ್ಯಾಚ್ ಓಡೋದು ಬೇರೆ ಮಷೀನಿನಲ್ಲಿ, ಬರೀ ಜಾವಾದ ಜೊತೆ.

ಇಷ್ಟೂ ನನಗೆ ಹನ್ನೆರಡೂವರೆಗೆ ಹೊಳೆಯಿತು. ಕಾಲ್ ಇನ್ನೂ ನಡೀತಾ ಇತ್ತು. ಮ್ಯೂಟ್ ತೆಗೆದೆ. "ಬೆಳಿಗ್ಗೆ ಫ್ರೆಶ್ ಆಗಿ ನೋಡೋಣ" ಅಂದೆ. ಮ್ಯೂಟ್ ಹಾಕಿದೆ.

ಯಾಕೆ ಹೇಳಲಿಲ್ಲ ಅಂತ ಆಮೇಲೆ ಬಹಳ ಯೋಚಿಸಿದ್ದೇನೆ. ಪ್ರಮೋಷನ್ ಪಟ್ಟಿ ಆ ತಿಂಗಳೇ ಇತ್ತು, ಅದು ಒಂದು. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಮಂಜನ ಕಥೆ ಹೇಳಿ ದೊಡ್ಡ ಗುರುವಿನ ಥರ ಮೆರೆದಿದ್ದೆನಲ್ಲ, ಅವಳೆದುರಿಗೇ ಒಪ್ಪಿಕೊಳ್ಳುವುದು ಬೇಡವಾಗಿತ್ತು. ನಿದ್ದೆ ಬರಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಬಂತು.

ಬೆಳಿಗ್ಗೆ ಏಳಕ್ಕೆ ಮೇಲ್ ತೆಗೆದರೆ ಅವಳದ್ದೊಂದು ಎಕ್ಸೆಲ್ ಶೀಟು. ಕಳಿಸಿದ ಸಮಯ 3:40. ಎರಡೂ ಮಷೀನಿನ 112 ಜಾರ್‌ಗಳು, ಒಂದೊಂದರ ಜಾಗ, ಗಾತ್ರ, ತಾರೀಖು. ಕೆಳಗೆ ಒಂದು ಸಾಲು: ಬ್ಯಾಚ್ ಕಡೆ ನಕಲಿ ಪ್ರತಿ ಒಂದೂ ಸಿಗಲಿಲ್ಲ, ಕ್ಷಮಿಸಿ, ಇನ್ನೊಮ್ಮೆ ನೋಡುತ್ತೇನೆ.

ಆ 'ಕ್ಷಮಿಸಿ' ನೋಡಿ ಹಲ್ಲುಜ್ಜುವ ಮೊದಲೇ ಅದೇ ಮೇಲ್‌ಗೆ ಉತ್ತರ ಬರೆದೆ. ಎರಡನೇ ಎರರ್‌ಗೂ ಜಾರ್‌ಗೂ ಸಂಬಂಧವಿಲ್ಲ, ನ್ಯಾರೋ ತೆಗೆದದ್ದು ನಾನು, ಸರಿ ಮಾಡಿ ಹತ್ತು ಗಂಟೆಗೆ ಕೊಡುತ್ತೇನೆ ಅಂತ. ಕ್ಲೈಂಟಿಗೆ ಹೋದ ಮೇಲ್‌ಗೂ ಇದನ್ನೇ ಬರೆದು ಎಲ್ಲರಿಗೂ ಹಾಕಿದೆ. ಮ್ಯಾನೇಜರ್ ಫೋನ್ ಮಾಡಿ "ಕ್ಲೈಂಟಿಗೆ ಯಾಕೆ ಕಳಿಸಿದ್ರಿ ಮಾರಾಯ್ರೆ, ಒಳಗೊಳಗೇ ಮುಗಿಸಬಹುದಿತ್ತು" ಅಂದರು, ಅಷ್ಟೆ. ನನಗೆ ಯಾರೂ ಎಲ್ಲರೆದುರು ಬೈಯಲಿಲ್ಲ. ಒಂದು ಜಾರ್‌ಗೆ ಅವಳಿಗೆ ಅಷ್ಟು ಬೈಗುಳ, ನಲವತ್ತೊಂದು ಸಾಲಿಗೆ ನನಗೆ ಒಂದು ಫೋನು.

ಮಧ್ಯಾಹ್ನ ಕಾಫಿ ಮಷೀನಿನ ಹತ್ತಿರ ಸಿಕ್ಕಿದಳು.

"ಸರ್, ನಿಮಗೆ ರಾತ್ರೀನೇ ಗೊತ್ತಾಗಿತ್ತಾ?"

"ಹೂಂ."

ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಾ ನಿಂತಳು. "ನಾನು ಮೂರೂವರೆ ತನಕ ಮೆಟ್ಟಿಲ ಮೇಲಿದ್ದೆ" ಅಂದಳು. ಸಾರಿ ಅಂದೆ. ಪರವಾಗಿಲ್ಲ ಅನ್ನಲಿಲ್ಲ ಅವಳು, ಅನ್ನಬೇಕಾಗಿಯೂ ಇರಲಿಲ್ಲ.

ನ್ಯಾರೋ ವಾಪಸ್ ಬಂತು, ಬ್ಯಾಚ್ ಓಡಿತು. ಹಾಗಂತ ಅದೇನೂ ಶಾಶ್ವತವಲ್ಲ. 2006ರ ಇಜೆಬಿ 3.0ರಿಂದ ಈಚೆಗೆ ಹೋಮ್ ಇಂಟರ್‌ಫೇಸೂ ಬೇಡ, ನ್ಯಾರೋ ಕೂಡ ಬೇಡ. 2018ರ ಜಾವಾ 11ರಲ್ಲಿ ಕೋರ್ಬಾವನ್ನೇ ಹೊರಗೆ ಹಾಕಿದ್ದಾರೆ, ಪೋರ್ಟಬಲ್‌ರಿಮೋಟ್‌ಆಬ್ಜೆಕ್ಟೂ ಅದರ ಜೊತೆ ಹೋಯಿತು. ನಾವು ಮೇಲಿನ ಜಾವಾಗೆ ಹೋದ ದಿನ ಆ ಸಾಲುಗಳು ಕಂಪೈಲೇ ಆಗೋದಿಲ್ಲ. ಆದರೆ ಆಗ ಸಾಲೊಂದನ್ನೇ ತೆಗೆದರೆ ಸಾಲದು, ಆ ಕಡೆಯ ಸರ್ವರು, ಮಾತಾಡುವ ಭಾಷೆ ಎಲ್ಲವೂ ಬದಲಾಗಬೇಕು. ಇದರ ಮೇಲೆ 2020ರ ಜಕಾರ್ತಾ ಇಇ 9ರಲ್ಲಿ ಜಾವಾಎಕ್ಸ್ ಅಂತ ಶುರುವಾಗುತ್ತಿದ್ದ ಇಜೆಬಿಯ ಪ್ಯಾಕೇಜುಗಳೆಲ್ಲ ಜಕಾರ್ತಾ ಅಂತ ಹೆಸರು ಬದಲಿಸಿಕೊಂಡಿವೆ. ಇಲ್ಲಿಯ ತನಕ ಹೆಸರೊಂದೇ ಮನೆ ಬೇರೆ, ಇನ್ನು ಮುಂದೆ ಮನೆ ಒಂದೇ ಹೆಸರು ಬೇರೆ. ಅದರ ಗೋಳು ಇನ್ನೊಮ್ಮೆ ಬರೆಯುತ್ತೇನೆ.

ಸರಿ ಮಾಡಿದ ಕೋಡನ್ನು ರಿವ್ಯೂ ಮಾಡಲು ಅವಳಿಗೇ ಕಳಿಸಿದ್ದೆ. ಹಳೆಯ ಕಾಮೆಂಟ್ ಇದ್ದ ಜಾಗದಲ್ಲಿ ಈ ಸಾಲು ಯಾಕೆ ಬೇಕು, ಯಾವಾಗ ತೆಗೆಯಬಹುದು ಅಂತ ಐದು ಸಾಲು ಬರೆದಿದ್ದೆ. ಅವಳು ಒಂದೇ ಒಂದು ತಪ್ಪು ಗುರುತು ಹಾಕಿ ವಾಪಸ್ ಕಳಿಸಿದಳು: "2004ರಲ್ಲಿ ಬರೆದವರ ಇನಿಷಿಯಲ್ ಬಿಟ್ಟುಹೋಗಿದೆ."

ಹಿಸ್ಟರಿಯಲ್ಲಿ ಹುಡುಕಿ ತಂದು ಸೇರಿಸಿದೆ.