ಗಿರಣಿಯ ಕಲ್ಲು ಹಾಸಿದ ಹಾದಿ

ಕರಿಹಲಗೆಯ ಮೇಲೆ ಇಂಗ್ಲೆಂಡಿನ ನಕಾಶೆ ಬರೆದು, ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದು, ‘ಇದು ಪೆನೈನ್ ಬೆಟ್ಟಸಾಲು, ಆ ದೇಶದ ಬೆನ್ನೆಲುಬು, ಎಡಕ್ಕೆ ಲ್ಯಾಂಕಾಶೈರಿನ ಹತ್ತಿ, ಬಲಕ್ಕೆ ಯಾರ್ಕ್‌ಶೈರಿನ ಉಣ್ಣೆ’ ಎಂದು ನಾನು ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆ ಬೆನ್ನೆಲುಬಿನ ಮೇಲೆಯೇ ಒಂದು ಕಾಲುಹಾದಿ ಇದೆ ಎಂಬುದು ಪಠ್ಯಪುಸ್ತಕದಲ್ಲಿ ಇರಲಿಲ್ಲ. ಇಂದು ಅದರ ಕಥೆಯನ್ನು ಹೇಳಬೇಕೆನಿಸಿದೆ.

ಆ ಹಾದಿಯ ಹೆಸರು ಪೆನೈನ್ ವೇ. ಡರ್ಬಿಶೈರಿನ ಈಡೇಲ್ ಎಂಬ ಹಳ್ಳಿಯಲ್ಲಿ ಅದರ ಆರಂಭ. ಅಲ್ಲಿಂದ ಉತ್ತರಕ್ಕೆ ಹೊರಟು, ಯಾರ್ಕ್‌ಶೈರಿನ ಸುಣ್ಣಕಲ್ಲಿನ ಬೆಟ್ಟಗಳನ್ನು ದಾಟಿ, 893 ಮೀಟರ್ ಎತ್ತರದ ಕ್ರಾಸ್ ಫೆಲ್ ಶಿಖರವನ್ನೇರಿ, ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಜೊತೆಗೆ ಒಂದಷ್ಟು ದೂರ ಸಾಗಿ, ಚೀವಿಯಟ್ ಬೆಟ್ಟಗಳಾಚೆ ಸ್ಕಾಟ್ಲೆಂಡಿನ ಕರ್ಕ್ ಯೆಟ್‌ಹೋಮ್ ಎಂಬ ಊರಿನಲ್ಲಿ ಮುಗಿಯುತ್ತದೆ. ಉದ್ದ 268 ಮೈಲಿ, ಅಂದರೆ ಸುಮಾರು 431 ಕಿಲೋಮೀಟರ್. ಹೆಚ್ಚು ಕಡಿಮೆ ಬೆಂಗಳೂರಿನಿಂದ ಧಾರವಾಡಕ್ಕೆ ನಡೆದು ಹೋದಂತೆ. ಪೂರ್ತಿ ನಡೆಯುವವರಿಗೆ ಎರಡು ಮೂರು ವಾರಗಳು ಬೇಕು.

ನಾನು ನಡೆದದ್ದು ಅದರಲ್ಲಿ ಒಂದು ಚೂರು ಮಾತ್ರ. 2023ರ ಜೂನ್ ತಿಂಗಳಲ್ಲಿ ಮ್ಯಾಂಚೆಸ್ಟರಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಅವನು ಒಂದು ಭಾನುವಾರ ನನ್ನನ್ನು ಸ್ನೇಕ್ ಪಾಸ್ ಎಂಬ ಬೆಟ್ಟದ ರಸ್ತೆಗೆ ಕರೆದೊಯ್ದನು. ಹಾದಿಯು ಆ ರಸ್ತೆಯನ್ನು ಅಡ್ಡ ಹಾಯುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಕಿಂಡರ್ ಸ್ಕೌಟ್ ಬೆಟ್ಟದ ಬುಡದವರೆಗೆ ಹೋಗಿ ಬಂದೆವು. ಹೋಗಿ ಬರುವುದು ಸೇರಿ ಹತ್ತು ಕಿಲೋಮೀಟರ್ ಇದ್ದೀತು.

ಅಲ್ಲಿ ಮರಗಳಿಲ್ಲ. ಕಣ್ಣು ಹಾಯುವವರೆಗೂ ಕಂದು ಬಣ್ಣದ ಬಯಲು. ಸಾವಿರಾರು ವರ್ಷ ಪಾಚಿಯೂ ಹುಲ್ಲೂ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂಡಿ ಆದ ಕರಿಯ ಮಣ್ಣು ಅದು, ಪೀಟ್ ಎನ್ನುತ್ತಾರೆ. ಮಳೆನೀರು ಕುಡಿದು ಸದಾ ಹಸಿಯಾಗಿರುತ್ತದೆ; ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುವ ಜಾಗಗಳೂ ಇವೆ. ಆ ತಿಂಗಳಲ್ಲಿ ಅದರ ಮೇಲೆಲ್ಲ ಬಿಳಿಯ ಕುಚ್ಚುಗಳನ್ನು ಹೊತ್ತ ಒಂದು ಹುಲ್ಲು ತೂಗಾಡುತ್ತಿತ್ತು. ದೂರದಿಂದ ನೋಡಿದರೆ ಬಿಡಿಸಲು ಬಂದ ಹತ್ತಿಯ ಹೊಲದಂತೆ. ಅಲ್ಲಿಯವರೂ ಅದನ್ನು ಹತ್ತಿಹುಲ್ಲು ಎಂದೇ ಕರೆಯುತ್ತಾರಂತೆ.

ಈ ಕೆಸರಿನ ನಡುವೆ ಉದ್ದಕ್ಕೂ ಚಪ್ಪಡಿ ಕಲ್ಲು ಹಾಸಿದ್ದಾರೆ. ನಮ್ಮ ಮನೆಗಳ ಶಹಾಬಾದ್ ಕಲ್ಲಿಗಿಂತ ದಪ್ಪ, ಸವೆದು ನುಣುಪಾದ ಮೈ. ಇಷ್ಟು ಎತ್ತರಕ್ಕೆ ಇವನ್ನು ತಂದವರಾರು ಎಂದು ಕೇಳಿದೆ.

“ಅಪ್ಪಾ, ಇವೆಲ್ಲಾ ಹಳೇ ಬಟ್ಟೆ ಗಿರಣಿ ನೆಲದ ಕಲ್ಲು. ಗಿರಣಿ ಕೆಡವಿದ ಮ್ಯಾಲೆ ಹೆಲಿಕಾಪ್ಟರಿನಾಗ ತಂದು ಹಾಸ್ಯಾರ” ಎಂದನು.

ನಾನು ಅಲ್ಲಿಯೇ ನಿಂತೆ. ಗುಳೇದಗುಡ್ಡದಲ್ಲಿ ಅಜ್ಜನ ಕೈಮಗ್ಗದ ಲಾಳಿಯ ಸದ್ದು ಕೇಳುತ್ತ ಬೆಳೆದವನು ನಾನು. ಲ್ಯಾಂಕಾಶೈರ್ ಎಂಬ ಹೆಸರು ನಮ್ಮ ಮನೆಯಲ್ಲಿ ನೇಕಾರನ ಅನ್ನ ಕಸಿದ ಊರೆಂದೇ ಕೇಳಿಬರುತ್ತಿತ್ತು. ಆ ಊರಿನ ಗಿರಣಿಯ ನೆಲ ಈಗ ನನ್ನ ಕಾಲ ಕೆಳಗಿತ್ತು. ಆದರೆ ಮನಸ್ಸಿಗೆ ಗೆದ್ದ ಭಾವ ಬರಲಿಲ್ಲ. ಆ ಕಲ್ಲುಗಳನ್ನು ಹೀಗೆ ಸವೆಸಿದ್ದು ಗಿರಣಿಯ ಒಡೆಯರ ಕಾಲುಗಳಲ್ಲ. ದಿನವಿಡೀ ಅದರ ಮೇಲೆ ನಿಂತು ದುಡಿದವರ ಕಾಲುಗಳು.

ಈ ಹಾದಿಯನ್ನು ಗಳಿಸಿಕೊಟ್ಟವರೂ ಅಂಥವರೇ. ವಾರವೆಲ್ಲ ಹೊಗೆಯಲ್ಲಿ ದುಡಿಯುವ ಜನರಿಗೆ ಭಾನುವಾರ ಬೆಟ್ಟದ ಗಾಳಿ ಬೇಕಿತ್ತು. ಆದರೆ ಬೆಟ್ಟಗಳಿಗೆ ಒಡೆಯರಿದ್ದರು. ಗ್ರೌಸ್ ಎಂಬ ಹಕ್ಕಿಯನ್ನು ವರ್ಷದಲ್ಲಿ ಕೆಲವು ದಿನ ಬೇಟೆಯಾಡುವುದಕ್ಕಾಗಿ ಇಡೀ ಬೆಟ್ಟಕ್ಕೆ ಕಾವಲಿಟ್ಟಿದ್ದರು. 1932ರ ಏಪ್ರಿಲ್ 24ರಂದು ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತರ ತರುಣನ ಮುಂದಾಳ್ತನದಲ್ಲಿ ಸುಮಾರು ನಾನೂರು ಜನ ಕಿಂಡರ್ ಸ್ಕೌಟ್ ಬೆಟ್ಟವನ್ನು ಹತ್ತಿದರು. ಕಾವಲುಗಾರರೊಡನೆ ತಳ್ಳಾಟವಾಯಿತು. ಬೇರೆಯವರ ಬೆಟ್ಟದಲ್ಲಿ ನಡೆಯುವುದು ಅಂದಿನ ಕಾನೂನಿನಲ್ಲಿ ಶಿಕ್ಷಾರ್ಹ ಅಪರಾಧವಾಗಿರಲಿಲ್ಲ. ಆದ್ದರಿಂದ ಗಲಭೆ ಮೊದಲಾದ ಆರೋಪಗಳನ್ನು ಹೊರಿಸಿ ಐವರನ್ನು ಎರಡರಿಂದ ಆರು ತಿಂಗಳು ಸೆರೆಗೆ ಕಳಿಸಿದರು.

ಅದಕ್ಕೆ ಏಳು ತಿಂಗಳ ಹಿಂದೆ, 1931ರ ಸೆಪ್ಟೆಂಬರಿನಲ್ಲಿ, ದುಂಡುಮೇಜಿನ ಸಭೆಗೆ ಬಂದಿದ್ದ ಗಾಂಧೀಜಿಯವರು ಇದೇ ಲ್ಯಾಂಕಾಶೈರಿಗೆ ಹೋಗಿ ಗಿರಣಿ ಕೆಲಸಗಾರರನ್ನು ಕಂಡಿದ್ದರು. ನಮ್ಮ ಬಹಿಷ್ಕಾರದ ಪೆಟ್ಟು ತಿಂದವರೇ ಅವರನ್ನು ಸುತ್ತುವರಿದು ಪ್ರೀತಿಯಿಂದ ಬರಮಾಡಿಕೊಂಡರು. ಆ ಚಿತ್ರವನ್ನು ನೀವು ನೋಡಿರುತ್ತೀರಿ.

ಇನ್ನೊಬ್ಬರು ಟಾಮ್ ಸ್ಟೀಫನ್‌ಸನ್. ಹದಿಮೂರನೆಯ ವಯಸ್ಸಿಗೇ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಮುಂದೆ ಪತ್ರಕರ್ತರಾದವರು. ಅಮೆರಿಕದ ಇಬ್ಬರು ಯುವತಿಯರು ತಮ್ಮಲ್ಲಿರುವಂಥ ದೀರ್ಘ ಕಾಲುಹಾದಿ ನಿಮ್ಮಲ್ಲಿ ಇದೆಯೇ ಎಂದು ಪತ್ರ ಬರೆದು ಕೇಳಿದಾಗ, 1935ರಲ್ಲಿ ‘ಡೈಲಿ ಹೆರಾಲ್ಡ್’ ಪತ್ರಿಕೆಯಲ್ಲಿ ಲೇಖನ ಬರೆದು ಪೆನೈನ್ ಹಾದಿಯ ಕಲ್ಪನೆಯನ್ನು ಮುಂದಿಟ್ಟರು. ಬರೆದು ಸುಮ್ಮನಾಗಲಿಲ್ಲ. 1948ರಲ್ಲಿ ಸಂಸತ್ ಸದಸ್ಯರನ್ನೇ ಆ ಬೆಟ್ಟಗಳಲ್ಲಿ ನಡೆಸಿದರು. ಮರುವರ್ಷ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂದಿತು. ಹಾದಿ ಪೂರ್ಣವಾಗಿ ತೆರೆದದ್ದು 1965ರ ಏಪ್ರಿಲ್ 24ರಂದು. ಲೇಖನದಿಂದ ಹಾದಿಯವರೆಗೆ ಮೂವತ್ತು ವರ್ಷ. ಒಬ್ಬರು ಸೆರೆಮನೆಗೆ ಹೋದರು, ಇನ್ನೊಬ್ಬರು ಅರ್ಜಿ ಹಿಡಿದು ಅಲೆದರು. ಅವರ ದಾರಿಗಳು ಬೇರೆಯಾಗಿದ್ದರೂ ಎರಡೂ ಬೇಕಾಗಿದ್ದವು.

2002ರಲ್ಲಿ, ಆ ಘಟನೆಯ ಎಪ್ಪತ್ತನೆಯ ವರ್ಷದ ಸಮಾರಂಭದಲ್ಲಿ, ಬೆಟ್ಟದ ಹಿಂದಿನ ಒಡೆಯರ ಮೊಮ್ಮಗ, ಅಂದಿನ ಡೆವನ್‌ಶೈರ್ ಡ್ಯೂಕ್, ಜನರೆದುರು ಕ್ಷಮೆ ಕೇಳಿದರು. 2000ದ ಕಾಯ್ದೆಯಿಂದ ಇಂಥ ತೆರೆದ ಬೆಟ್ಟ ಬಯಲುಗಳಲ್ಲಿ ಹಾದಿ ಬಿಟ್ಟೂ ನಡೆಯುವ ಹಕ್ಕು ಜನರಿಗೆ ದೊರೆಯಿತು. ಆದರೂ ಆ ಹಕ್ಕು ಇಂಗ್ಲೆಂಡಿನ ನೆಲದಲ್ಲಿ ಶೇಕಡಾ ಎಂಟರಷ್ಟಕ್ಕೆ ಮಾತ್ರ. ಕೆಲಸ ಮುಗಿದಿಲ್ಲವೆಂದೇ ಅಲ್ಲಿಯ ನಡಿಗೆಯವರು ಹೇಳುತ್ತಾರೆ.

ಕಾಲುಹಾದಿ ಎಂದರೆ ತುಳಿದು ತುಳಿದು ತಾನಾಗಿ ಆದದ್ದು ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಕೇಳಿದವರಿದ್ದರೆ ಮಾತ್ರ ಹಾದಿ ಉಳಿಯುತ್ತದೆ. ಕೇಳದಿದ್ದರೆ ಬೇಲಿ ಬರುತ್ತದೆ. ನಮ್ಮ ಊರುಗಳ ಬಂಡಿದಾರಿಗಳೂ ಕೆರೆದಂಡೆಗಳೂ ಏನಾದವೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮಲ್ಲಿ ಹಲವರು ಈಗ ಆ ದೇಶದಲ್ಲಿದ್ದೀರಿ. ಒಂದು ದಿನ ಬಿಡುವು ಮಾಡಿಕೊಂಡು ಸ್ನೇಕ್ ಪಾಸಿಗೆ ಹೋಗಿ ಬನ್ನಿ. ಗಟ್ಟಿ ಬೂಟು ಇರಲಿ; ಬಿಸಿಲಿದ್ದರೂ ಮಳೆಯಂಗಿ ಚೀಲದಲ್ಲಿರಲಿ. ದಾರಿಯಲ್ಲಿ ಕುರಿಗಳ ಗೇಟು ಸಿಕ್ಕರೆ ದಾಟಿದ ಮೇಲೆ ಮುಚ್ಚಿ ಮುಂದೆ ನಡೆಯಿರಿ. ಮಕ್ಕಳನ್ನು ಕರೆದುಕೊಂಡು ಹೋದರೆ ಆ ಕಲ್ಲುಗಳು ಎಲ್ಲಿಂದ ಬಂದವೆಂದು ಅವರಿಗೂ ಹೇಳಿರಿ.